ತೀರ್ಮಾನ ಯಾರದು, ಸಹಿ ಯಾರದು? – ಸರ್ಕಾರಿ ವಿವಿ ಅಧ್ಯಾಪಕರ ಸಮೀಕ್ಷೆಗೆ ಪ್ರಶ್ನಾವಳಿ ಮಾಡುವ ಬಗ್ಗೆ ಜಾಲವೇದಿಕೆಯ ಚರ್ಚೆ (ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು)

ಸುಮನಹಳ್ಳಿ ಸಿಗ್ನಲ್

ಎಲ್ಲರಿಗೂ ನಮಸ್ಕಾರ. ವಿವಿಯ ತೀರ್ಮಾನಗಳಲ್ಲಿ ತಮಗೆಷ್ಟು ಪಾಲಿದೆ, ಎಷ್ಟಿರಬೇಕು ಅಂತ ಬೆಂಗಳೂರಿನ ಸರ್ಕಾರಿ ವಿಶ್ವವಿದ್ಯಾಲಯಗಳ ಅಧ್ಯಾಪಕರು ಏನಂದುಕೊಂಡಿದ್ದಾರೆ ಎಂಬುದರ ಮೇಲೆ ಒಂದು ಸಮೀಕ್ಷೆ ತಯಾರಾಗುತ್ತಿದೆ. ಕರಡಿನಲ್ಲಿ 40 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ 'ಪೂರ್ಣ ಒಪ್ಪುತ್ತೇನೆ' ಎಂಬಲ್ಲಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬಲ್ಲಿವರೆಗೆ ಐದು ಮನೆ. ಮೂರನ್ನು ಇಲ್ಲಿ ಹಾಕಿದ್ದೇನೆ:

1. ಅಧ್ಯಾಪಕರು ವಿಶ್ವವಿದ್ಯಾಲಯದ ಆಡಳಿತದಲ್ಲಿ ಪಾಲ್ಗೊಳ್ಳಬೇಕು.
2. ಆಡಳಿತ ಮಂಡಳಿಯು ಅಧ್ಯಾಪಕರ ಅಭಿಪ್ರಾಯವನ್ನು ಗೌರವಿಸುತ್ತದೆ.
3. ನಿರ್ಧಾರಗಳು ಪಾರದರ್ಶಕವಾಗಿಯೂ ನ್ಯಾಯಯುತವಾಗಿಯೂ ಇರುತ್ತವೆ.

ಕೆಲವರಿಗೆ ಕೊಟ್ಟು ನೋಡಿದಾಗ ಮೊದಲನೆಯದಕ್ಕೆ ಎಲ್ಲರೂ 'ಪೂರ್ಣ ಒಪ್ಪುತ್ತೇನೆ' ಅಂದರು, ಒಬ್ಬರೂ ಬೇರೆ ಮಾತಾಡಲಿಲ್ಲ. ಎರಡನೆಯದಕ್ಕೆ ಬಹುಪಾಲು ನಡುವಿನ ಮನೆ. ಎಲ್ಲಿ ಎಡವಟ್ಟಾಗಿದೆ?

ಪದಕೋಶ

ಎರಡನೇ ಹೇಳಿಕೆಯ ಮೊದಲ ಪದದಲ್ಲೇ ಆಗಿದೆ. 'ಆಡಳಿತ ಮಂಡಳಿ' ಅಂದರೆ ಬೆಂಗಳೂರಿನ ಮೇಷ್ಟ್ರ ತಲೆಗೆ ಬರುವುದು ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟು. ಟ್ರಸ್ಟು, ಕಾರ್ಯದರ್ಶಿ, ಸಂಬಳ ಕೊಡುವ ಧಣಿ. ಬೆಂಗಳೂರು ವಿವಿಯ ಜ್ಞಾನಭಾರತಿ ಆವರಣದಲ್ಲಿ ಇದನ್ನು ಓದಿದವರಲ್ಲಿ ಒಬ್ಬರು ಸಿಂಡಿಕೇಟ್ (ವಿವಿಯ ಕಾರ್ಯನಿರ್ವಾಹಕ ಸಭೆ) ಅಂದುಕೊಳ್ಳುತ್ತಾರೆ, ಇನ್ನೊಬ್ಬರು ಕುಲಪತಿಗಳ ಕಚೇರಿ, ಮತ್ತೊಬ್ಬರು ಕಡತ ತಡೆಹಿಡಿಯುವ ಅಧೀಕ್ಷಕರು. ಜಿಕೆವಿಕೆಗೆ ಹೋದರೆ ಇನ್ನೂ ಫಜೀತಿ. ಕೃಷಿ ವಿವಿಯಲ್ಲಿ ಬೋರ್ಡ್ ಆಫ್ ಮ್ಯಾನೇಜ್‌ಮೆಂಟನ್ನೇ ಆಡಳಿತ ಮಂಡಳಿ ಅಂತ ಕರೆಯುವುದುಂಟು. ಒಂದೇ ಹೇಳಿಕೆಗೆ ನಾಲ್ಕು ಜನ ನಾಲ್ಕು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ.

'ಗೌರವಿಸುತ್ತದೆ' ಕೂಡ ಬೇಡ. ನಮ್ಮಲ್ಲಿ ಗೌರವಿಸುವುದು ಅಂದರೆ ಶಾಲು, ಹಾರ, ಫಲಪುಷ್ಪ. ಅದು ಧಾರಾಳವಾಗಿ ನಡೆಯುತ್ತದೆ.

ಕನ್ನಡದಲ್ಲಿ 'ಆಡಳಿತ' ಅನ್ನುವುದು ಎರಡು ಭಾರ ಹೊರುತ್ತದೆ: ದಿನನಿತ್ಯದ ಕಚೇರಿ ಕೆಲಸವೂ ಆಡಳಿತ, ಏನು ಮಾಡಬೇಕೆಂದು ನಿಶ್ಚಯಿಸುವುದೂ ಆಡಳಿತ. ಮೊದಲನೆಯದನ್ನು ಯಾವ ಮೇಷ್ಟ್ರೂ ಬಯಸುವುದಿಲ್ಲ, ಎರಡನೆಯದನ್ನು ಬೇಡ ಅನ್ನುವುದೂ ಇಲ್ಲ. 'ಸಹಭಾಗಿ ಆಡಳಿತ', 'ಹಂಚಿಕೆಯ ಆಡಳಿತ' ಅಂತೆಲ್ಲ ಪದ ಹೊಸೆಯುವ ಬದಲು 'ತೀರ್ಮಾನ' ಅನ್ನಿ. 'ಈ ತೀರ್ಮಾನದಲ್ಲಿ ನಿಮ್ಮ ಮಾತು ಎಷ್ಟು ನಡೆಯುತ್ತದೆ' ಅಂತ ಕೇಳಿದರೆ ಎಲ್ಲರಿಗೂ ಒಂದೇ ಅರ್ಥ.

ಮೂರನೆಯದರಲ್ಲಿ ಎರಡು ಪ್ರಶ್ನೆ ಸೇರಿವೆ. ಪಾರದರ್ಶಕವಾಗಿಯೇ ಅನ್ಯಾಯ ಮಾಡಬಹುದು. ಒಡೆಯಿರಿ. ನಕಾರದ ಹೇಳಿಕೆಗಳಿದ್ದರೆ ಜೋಪಾನ: 'ಅಧ್ಯಾಪಕರನ್ನು ಕೇಳದೆ ತೀರ್ಮಾನಿಸುವುದು ಸರಿಯಲ್ಲ' ಎಂಬುದಕ್ಕೆ 'ಒಪ್ಪುವುದಿಲ್ಲ' ಅನ್ನಲು ಮೂರು 'ಇಲ್ಲ'ಗಳನ್ನು ಮನಸ್ಸಲ್ಲೇ ಕೂಡಿ ಕಳೆಯಬೇಕು. ಸಾಯಂಕಾಲ 5ಕ್ಕೆ ಫಾರಂ ತುಂಬುವವರು ಆ ಲೆಕ್ಕ ಮಾಡುವುದಿಲ್ಲ.

ನಡಾವಳಿ ಪುಸ್ತಕ

ಭಾಷೆ ಆಮೇಲೆ. ಮೊದಲು ಯಾವ ಕಾನೂನಿನ ಕೆಳಗಿರುವವರನ್ನು ಕೇಳುತ್ತಿದ್ದೀರಿ ನೋಡಿ. 'ಬೆಂಗಳೂರಿನ ಸರ್ಕಾರಿ ವಿವಿಗಳು' ಅಂತ ಒಂದೇ ಗುಂಪು ಮಾಡಿದರೆ ತಪ್ಪು.

ಬೆಂಗಳೂರು ವಿವಿ ಮತ್ತು ಅದರಿಂದ ಒಡೆದ ಎರಡು ವಿವಿಗಳು (ಸೆಂಟ್ರಲ್ ಕಾಲೇಜು ಆವರಣದ್ದು, ಕೋಲಾರದ ಟಮಕದಲ್ಲಿ ಕಚೇರಿ ಇರುವ ಉತ್ತರ ವಿವಿ) ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ ಕೆಳಗೆ ಬರುತ್ತವೆ. ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಗೆ 1994ರ ಪ್ರತ್ಯೇಕ ಕಾಯ್ದೆ. ಕೃಷಿ ವಿವಿಗೆ ಬೇರೆ. ಯುವಿಸಿಇಗೆ (ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು, ಈಗ ವಿವಿ) 2021ರಿಂದ ತನ್ನದೇ ಕಾಯ್ದೆ.

ವ್ಯತ್ಯಾಸ ಸಣ್ಣದಲ್ಲ. 1976ರ ಹಳೇ ಕಾಯ್ದೆಯಲ್ಲಿ ಸೆನೆಟ್ (ಚುನಾಯಿತರೂ ಇರುವ ದೊಡ್ಡ ಸಭೆ) ಇತ್ತು. 2000ದ ಕಾಯ್ದೆ ಅದನ್ನು ತೆಗೆದುಹಾಕಿತು. ಈಗ ಮೇಲಿರುವುದು ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಹಣಕಾಸು ಸಮಿತಿ. ಸಿಂಡಿಕೇಟಿಗೆ ರಾಜ್ಯ ಸರ್ಕಾರ ಆರು ಜನರನ್ನು, ಕುಲಾಧಿಪತಿಗಳು (ರಾಜ್ಯಪಾಲರು) ಇಬ್ಬರನ್ನು ನಾಮನಿರ್ದೇಶನ ಮಾಡುತ್ತಾರೆ. ಅಧ್ಯಾಪಕರ ಕಡೆಯಿಂದ ಬರುವವರು ಡೀನ್‌ಗಳು, ಪ್ರಾಂಶುಪಾಲರು, ಅದೂ ಸರದಿಯ ಮೇಲೆ. ಅತ್ತ ಜಯನಗರದಲ್ಲಿ ಸೆನೆಟ್ ಇನ್ನೂ ಇದೆ, ಚುನಾವಣೆಯೂ ನಡೆಯುತ್ತದೆ. ಒಂದೇ ಊರಲ್ಲಿ ಒಬ್ಬ ಅಧ್ಯಾಪಕರಿಗೆ ಓಟಿದೆ, ಇನ್ನೊಬ್ಬರಿಗೆ ಜ್ಯೇಷ್ಠತಾ ಪಟ್ಟಿ ಇದೆ.

ಮನೋಭಾವ ಈ ವ್ಯತ್ಯಾಸದಿಂದಲೇ ಹುಟ್ಟುತ್ತದೆ. ಓಟು ಕೇಳಿ ಬಂದವರು 'ನನ್ನನ್ನು ಕಳಿಸಿದವರಿಗೆ ಏನು ಹೇಳಲಿ' ಅಂತ ಯೋಚಿಸಬೇಕಾಗುತ್ತದೆ. ಸರದಿಯಲ್ಲಿ ಬಂದವರು ಯಾರಿಗೂ ಉತ್ತರ ಕೊಡಬೇಕಿಲ್ಲ. ಅವಧಿ ಮುಗಿಸಿ ಮುಂದಿನವರಿಗೆ ಕುರ್ಚಿ ಬಿಟ್ಟುಕೊಟ್ಟರೆ ಆಯಿತು. ಹಾಗಾಗಿ ನಮ್ಮಲ್ಲಿ ಡೀನ್, ವಿಭಾಗಾಧ್ಯಕ್ಷ, ಅಧ್ಯಯನ ಮಂಡಳಿ ಅಧ್ಯಕ್ಷ ಎಲ್ಲವನ್ನೂ 'ನನ್ನ ಸರದಿ' ಅಂತಾರೆ, 'ನಮ್ಮ ಪ್ರತಿನಿಧಿ' ಅನ್ನುವ ಮಾತೇ ಬಳಕೆಯಲ್ಲಿಲ್ಲ. ಅಮೆರಿಕದ ಪ್ರಶ್ನಾವಳಿಯನ್ನು ಇಟ್ಟುಕೊಂಡು 'ನಿಮ್ಮ ಪ್ರತಿನಿಧಿಗಳು ನಿಮ್ಮ ಪರವಾಗಿ ಮಾತಾಡುತ್ತಾರೆಯೇ' ಅಂತ ಕೇಳಿದರೆ ಇಲ್ಲಿ ಪ್ರಶ್ನೆಗೇ ನೆಲೆಯಿಲ್ಲ.

ಮೂರನೇ ಬೆಂಚು

ಸರ್, ಇಷ್ಟೆಲ್ಲ ಯಾಕೆ? ಮೇಷ್ಟ್ರಿಗೆ ತೀರ್ಮಾನದಲ್ಲಿ ಪಾಲು ಬೇಕಿಲ್ಲ, ಬಡ್ತಿ ಬೇಕು.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿ ನೋಡಿ. ಬಡ್ತಿಗೆ ವಾರ್ಷಿಕ ಅಂಕದ ಬದಲು ದರ್ಜೆ ಬಂತು. ಪಾಠ ಶೇ. 80ಕ್ಕೆ ಮೇಲಿದ್ದರೆ 'ಉತ್ತಮ', 70ರಿಂದ 80 'ತೃಪ್ತಿಕರ'. ಎರಡನೇ ಭಾಗದಲ್ಲಿ ಚಟುವಟಿಕೆಗಳ ಪಟ್ಟಿ: ವಿಭಾಗಾಧ್ಯಕ್ಷತೆ, ಡೀನ್, ವಾರ್ಡನ್, ಸಂಯೋಜಕ ಇಂಥವು ಒಂದು ಬಗೆ, ಪರೀಕ್ಷೆ-ಮೌಲ್ಯಮಾಪನ ಇನ್ನೊಂದು, ವಿಚಾರ ಸಂಕಿರಣ ಮಗದೊಂದು, ಪಿಎಚ್‌ಡಿ ಮಾರ್ಗದರ್ಶನ, ಸಂಶೋಧನಾ ಯೋಜನೆ, ಪ್ರಕಟಣೆ. ಇವುಗಳಲ್ಲಿ ಮೂರರಲ್ಲಿ ತೊಡಗಿದ್ದರೆ 'ಉತ್ತಮ'. ಸಭೆಯಲ್ಲಿ ಬಾಯಿ ಬಿಟ್ಟಿರಾ, ಭಿನ್ನಮತ ದಾಖಲಿಸಿದಿರಾ ಅಂತ ಯಾವ ಕಾಲಮ್ಮೂ ಕೇಳುವುದಿಲ್ಲ. ಹುದ್ದೆಯ ಆದೇಶ ಪತ್ರದ ಜೆರಾಕ್ಸ್ ಸಾಕು. ಮೂರು ಗಂಟೆ ವಾದ ಮಾಡಿದವರಿಗೂ ಗೋಡಂಬಿ ತಿಂದು ಎದ್ದುಬಂದವರಿಗೂ ಸಿಗುವುದು ಒಂದೇ. ಹೀಗಿರುವಾಗ 'ಪಾಲ್ಗೊಳ್ಳಬೇಕು' ಅನ್ನುವುದಕ್ಕೆ ಎಲ್ಲರೂ ಟಿಕ್ ಹಾಕಿದ್ದರಲ್ಲಿ ಆಶ್ಚರ್ಯವೇನು?

ಕೈ-ವರ್ಗ

ಬೆಂಚಿನವರು ಹೇಳಿದ್ದು ಒಪ್ಪಬೇಕಾದ ಮಾತಲ್ಲ, ಅಳೆಯಬೇಕಾದ ಮಾತು. ಪಾಲು ಬೇಕು ಅನ್ನುವವರು ಅದಕ್ಕೆ ಬೆಲೆ ಕೊಡಲು ತಯಾರಿದ್ದಾರೆಯೇ ಅಂತ ಪ್ರಶ್ನೆಯಲ್ಲೇ ಕೇಳಬಹುದು.

40 ಹೇಳಿಕೆ ಬಿಡಿ. ಒಂದು ಕೋಷ್ಟಕ ಮಾಡಿ. ಎಡಕ್ಕೆ 12 ತೀರ್ಮಾನ, ಬಲಕ್ಕೆ ಎರಡು ಕಾಲಮ್: 'ಈಗ ಹೇಗಿದೆ', 'ಹೇಗಿರಬೇಕು'. ಎರಡಕ್ಕೂ ಒಂದೇ ಐದು ಮೆಟ್ಟಿಲು:

1 – ನಮ್ಮ ಕಿವಿಗೂ ಬೀಳುವುದಿಲ್ಲ
2 – ತೀರ್ಮಾನವಾದ ಮೇಲೆ ತಿಳಿಸುತ್ತಾರೆ
3 – ಮೊದಲು ನಮ್ಮನ್ನು ಕೇಳುತ್ತಾರೆ, ತೀರ್ಮಾನ ಅವರದು
4 – ಕೂತು ಜೊತೆಗೆ ತೀರ್ಮಾನಿಸುತ್ತೇವೆ
5 – ನಾವೇ ತೀರ್ಮಾನಿಸುತ್ತೇವೆ

ಪಕ್ಕದಲ್ಲಿ ಬೇರೆಯಾಗಿ 'ಗೊತ್ತಿಲ್ಲ' ಮನೆ. ನಡುವಿನ ಮನೆಗೆ 'ತಟಸ್ಥ' ಅಂತ ಹೆಸರಿಟ್ಟರೆ ಗೊತ್ತಿಲ್ಲದವರು, ಹೆದರಿದವರು, ಬೇಸತ್ತವರು ಎಲ್ಲ ಅಲ್ಲಿಗೇ ಬಂದು ಕೂರುತ್ತಾರೆ. ನಿಮ್ಮ ಎರಡನೇ ಹೇಳಿಕೆಗೆ ಆದದ್ದು ಇದೇ.

ಎರಡನೇ ಕಾಲಮ್ಮಿನಿಂದ ಮೊದಲನೆಯದನ್ನು ಕಳೆದರೆ ಅಂತರ. ಋಣ ಬಂದರೆ ಗಾಬರಿಯಾಗಿ ತಿದ್ದಬೇಡಿ. ಕೆಲವು ಕೆಲಸ ನಮ್ಮ ಕೊರಳಿಂದ ಇಳಿದರೆ ಸಾಕು ಅನ್ನುವವರು ಇದ್ದೇ ಇರುತ್ತಾರೆ, ಅದೂ ಉತ್ತರವೇ.

ಬೆಲೆಯ ಪ್ರಶ್ನೆ ಕೊನೆಗೆ: 'ಇಂಥ ಕೆಲಸಕ್ಕೆ ತಿಂಗಳಿಗೆ ಎಷ್ಟು ಗಂಟೆ ಕೊಡಬಲ್ಲಿರಿ? ಸೊನ್ನೆ / 1–2 / 3–5 / 6 ಅಥವಾ ಹೆಚ್ಚು.' ತಕ್ಷಣ ಇನ್ನೊಂದು: 'ಆ ಗಂಟೆಗಳನ್ನು ಯಾವುದರಿಂದ ಕಳೆಯುತ್ತೀರಿ? ಪಾಠ / ಸಂಶೋಧನೆ / ಮೌಲ್ಯಮಾಪನ / ಮನೆ.' ಇವೆರಡನ್ನು ಜೊತೆಗಿಡದಿದ್ದರೆ ಎಲ್ಲರೂ ಉದಾರಿಗಳೇ.

ಸುಮನಹಳ್ಳಿ ಸಿಗ್ನಲ್

ಕೋಷ್ಟಕ ಚೆನ್ನಾಗಿದೆ ಸರ್. 12 ತೀರ್ಮಾನ ಯಾವುವು? ಪಠ್ಯಕ್ರಮ, ಪರೀಕ್ಷೆ, ನೇಮಕಾತಿ, ಬಜೆಟ್ಟು, ಕಟ್ಟಡ, ಕುಲಪತಿ ಆಯ್ಕೆ ಇಷ್ಟು ಹೊಳೆಯಿತು.

ನಡಾವಳಿ ಪುಸ್ತಕ

'ಪಠ್ಯಕ್ರಮ' ಒಂದೇ ತೀರ್ಮಾನ ಅಲ್ಲ, ಅದನ್ನು ಮೂರಾಗಿ ಸೀಳಿ. ಕಾಗದದ ಮೇಲೆ ದಾರಿ ನೇರ: ಅಧ್ಯಯನ ಮಂಡಳಿ, ನಿಕಾಯ (ಫ್ಯಾಕಲ್ಟಿ), ವಿದ್ಯಾವಿಷಯಕ ಪರಿಷತ್ತು. ಆದರೆ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಚೌಕಟ್ಟು ಬಂದಿದ್ದು ಮೇಲಿನಿಂದ, ಮಾದರಿ ಪಠ್ಯಕ್ರಮ ಬಂದಿದ್ದು ಉನ್ನತ ಶಿಕ್ಷಣ ಪರಿಷತ್ತಿನ ಮೂಲಕ. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಮೂರೇ ವರ್ಷದಲ್ಲಿ ಎರಡು ಸಲ ಅಧ್ಯಯನ ಮಂಡಳಿಗಳು ಹೊಸ ಪಠ್ಯ ಕಟ್ಟಬೇಕಾಯಿತು, ಎರಡೂ ಸಲ ಗಂಟೆ-ಕ್ರೆಡಿಟ್ಟಿನ ಅಳತೆ ಬೇರೆಯವರು ಕೊಟ್ಟಿದ್ದು.

ಬಟ್ಟೆ, ಅಳತೆ ಎರಡೂ ಅವರದು, ಗುಂಡಿ ಹೊಲಿಯುವುದು ಮಾತ್ರ ನಮ್ಮದು. 'ಪಠ್ಯಕ್ರಮ ಯಾರ ತೀರ್ಮಾನ' ಅಂತ ಕೇಳಿದರೆ ಗುಂಡಿ ನೆನೆಸಿಕೊಂಡವರು 5 ಹಾಕುತ್ತಾರೆ, ಅಳತೆ ನೆನೆಸಿಕೊಂಡವರು 1 ಹಾಕುತ್ತಾರೆ. ಸರಾಸರಿ 3 ಬಂದು ನೀವು 'ಅಧ್ಯಾಪಕರ ಅಭಿಪ್ರಾಯ ಕೇಳಲಾಗುತ್ತಿದೆ' ಅಂತ ವರದಿ ಬರೆಯುತ್ತೀರಿ!

ಹೀಗೆ ಒಡೆಯಿರಿ: ಪತ್ರಿಕೆಯೊಳಗಿನ ಘಟಕಗಳು, ಕ್ರೆಡಿಟ್ ಮತ್ತು ವಾರದ ಗಂಟೆ, ಪ್ರಶ್ನೆಪತ್ರಿಕೆಯ ಮಾದರಿ ಮತ್ತು ಆಂತರಿಕ ಅಂಕದ ಪಾಲು. ಉಳಿದ ಒಂಬತ್ತು: ಕಾರ್ಯಭಾರ ಹಂಚಿಕೆ, ಅತಿಥಿ ಅಧ್ಯಾಪಕರ ಆಯ್ಕೆ, ಕಾಯಂ ಹುದ್ದೆಯ ಮೀಸಲಾತಿ-ವಿಷಯ ನಿಗದಿ, ಪಿಎಚ್‌ಡಿ ಪ್ರವೇಶ, ವಿಭಾಗದ ಖರ್ಚಿನ ಬಾಬ್ತು, ಕಟ್ಟಡ ಕಾಮಗಾರಿ, ಕಾಲೇಜುಗಳ ಸಂಯೋಜನೆಗೆ ಹೋಗುವ ಸ್ಥಳೀಯ ವಿಚಾರಣಾ ಸಮಿತಿ, ಪರೀಕ್ಷೆ-ಪ್ರವೇಶದ ತಂತ್ರಾಂಶ (ಯುಯುಸಿಎಂಎಸ್), ಕುಲಪತಿ ಆಯ್ಕೆ.

ತಂತ್ರಾಂಶ ಯಾಕೆ ಅಂದರೆ, ಆಂತರಿಕ ಅಂಕ ಯಾವ ದಿನ ಲಾಕ್ ಆಗಬೇಕು, ಯಾರು ತಿದ್ದಬಹುದು ಎಂಬ ತೀರ್ಮಾನಗಳು ಈಗ ಸಭೆಯಲ್ಲಿ ಆಗುವುದಿಲ್ಲ, ಪರದೆಯಲ್ಲಿ ಆಗುತ್ತವೆ. ಅದನ್ನು ಯಾವ ಪ್ರಾಧಿಕಾರದ ಕಾರ್ಯಸೂಚಿಯಲ್ಲೂ ಹುಡುಕಬೇಡಿ.

ಗಂಟೆ ಲೆಕ್ಕ

ಇಷ್ಟು ಹೊತ್ತು ನೋಡಿದೆ, ಒಬ್ಬರೂ ಕೇಳಲಿಲ್ಲ: ಈ ಫಾರಂ ಅತಿಥಿ ಅಧ್ಯಾಪಕರಿಗೂ ಕೊಡುತ್ತೀರಾ?

ಗುತ್ತಿಗೆ ಅಧ್ಯಾಪಕರು ಒಟ್ಟು ಹುದ್ದೆಗಳ ಶೇ. 10 ಮೀರಬಾರದು ಅಂತ 2018ರ ಯುಜಿಸಿ ನಿಯಮ. ಅತಿಥಿಗಳಿಗೆ ತರಗತಿಗೆ 1,500, ತಿಂಗಳಿಗೆ 50,000 ರೂ. ಮಿತಿ ಅಂತ 2019ರ ಮಾರ್ಗಸೂಚಿ. ಅದೇ ಮಾರ್ಗಸೂಚಿಯಲ್ಲಿ, ಶಾಸನಬದ್ಧ ಸಂಸ್ಥೆಗಳ ಸದಸ್ಯತ್ವ ಮತ್ತು ಮತದ ವಿಷಯದಲ್ಲಿ ಅತಿಥಿಗಳನ್ನು ಕಾಯಂ ಅಧ್ಯಾಪಕರಂತೆ ಪರಿಗಣಿಸುವಂತಿಲ್ಲ ಅಂತಲೂ ಇದೆ. ವಿಭಾಗದಲ್ಲಿ ಇಬ್ಬರು ಕಾಯಂ, ಏಳು ಅತಿಥಿ ಇದ್ದರೆ ಆ ಏಳು ಜನ ಪಾಠ ಮಾಡುವ ಪಠ್ಯವನ್ನು ಉಳಿದಿಬ್ಬರು ಮತ್ತು ಹೊರಗಿನವರು ಸೇರಿ ತೀರ್ಮಾನಿಸುತ್ತಾರೆ. ಕಾಯಂ ಅಧ್ಯಾಪಕರನ್ನು ಮಾತ್ರ ಕೇಳಿ 'ಅಧ್ಯಾಪಕರ ಮನೋಭಾವ' ಅಂತ ಶೀರ್ಷಿಕೆ ಕೊಡಬೇಡಿ, 'ಕಾಯಂ ಅಧ್ಯಾಪಕರ' ಅಂತ ಹಾಕಿ.

ಕೊಡುವುದಾದರೆ ಅವರಿಗೆ ಒಂದು ಪ್ರಶ್ನೆ ಹೆಚ್ಚಿಗೆ ಬೇಕು: ವಿಭಾಗದ ಸಭೆಗೆ ಕರೆಯುತ್ತಾರೆಯೇ, ಕರೆದರೆ ಆ ಗಂಟೆ ಲೆಕ್ಕಕ್ಕೆ ಬರುತ್ತದೆಯೇ. ಸಂಭಾವನೆ ತರಗತಿಗೆ ಕಟ್ಟಿರುವಾಗ ಸಭೆಯೆಂಬುದು ಬಿಟ್ಟಿ ಚಾಕರಿ. 'ತಿಂಗಳಿಗೆ ಎಷ್ಟು ಗಂಟೆ ಕೊಡುತ್ತೀರಿ' ಅಂತ ಕಾಯಂ ಆದವರನ್ನೂ ಇವರನ್ನೂ ಒಂದೇ ಉಸಿರಲ್ಲಿ ಕೇಳುವುದು ನ್ಯಾಯವಲ್ಲ.

ಕೈ-ವರ್ಗ

ಸರಿಯಾದ ಮಾತು ಮೇಡಂ/ಸರ್. ಎರಡು ಬಣ್ಣದ ಫಾರಂ ಮಾಡಲಿ. ಎರಡು ಗುಂಪಿನ ಉತ್ತರ ಸೇರಿಸಿ ಒಂದೇ ಸರಾಸರಿ ತೆಗೆಯುವುದು ಬೇಡ.

ಹಳೇ ಸೆನೆಟ್

ಸೆನೆಟ್ ಹೋಗಿದ್ದಕ್ಕೇ ಎಲ್ಲ ಕೆಟ್ಟಿತು ಅನ್ನುವ ಧಾಟಿ ಮೇಲೆ ಕಾಣುತ್ತಿದೆ, ಅದಕ್ಕೆ ಈ ತಕರಾರು. ಸೆನೆಟ್ ಕಾಲದಲ್ಲಿ ಪದವೀಧರರ ನೋಂದಣಿ, ಗುಂಪು, ಪ್ಯಾನೆಲ್ಲು, ಊಟದ ವ್ಯವಸ್ಥೆ, ಎಲ್ಲ ಇರುತ್ತಿತ್ತು. ದೊಡ್ಡ ಸಭೆ, ವರ್ಷಕ್ಕೆ ಬೆರಳೆಣಿಕೆಯ ಬೈಠಕ್ಕು, ಬಜೆಟ್ ಮೇಲೆ ಭಾಷಣ, ಕೈ ಎತ್ತಿ ಅನುಮೋದನೆ. ಓಟು ಬಂದ ಕೂಡಲೇ ಪಾಲು ಬರುವುದಿಲ್ಲ.

ದೆಹಲಿ ವಿವಿಯಲ್ಲಿ ಕಾರ್ಯಕಾರಿ ಪರಿಷತ್ತಿಗೆ ಅಧ್ಯಾಪಕರಿಂದ ಇಬ್ಬರು, ವಿದ್ಯಾವಿಷಯಕ ಪರಿಷತ್ತಿಗೆ 26 ಜನ ಚುನಾಯಿತರಾಗುತ್ತಾರೆ. ಅವರು ಮಾಡಬಹುದಾದ ದೊಡ್ಡ ಕೆಲಸ ಅಂದರೆ ಭಿನ್ನಮತ ಬರೆದುಕೊಡುವುದು. ತೀರ್ಮಾನ ಬಹುಮತದ್ದೇ. ಐಐಟಿಗಳಲ್ಲಿ ಇನ್ನೊಂದು ದಾರಿ: 1961ರ ಕಾಯ್ದೆಯಂತೆ ಪ್ರಾಧ್ಯಾಪಕರಾದ ಎಲ್ಲರೂ ಸೆನೆಟ್ ಸದಸ್ಯರು. ಅವರಿಗೆ ಓಟೂ ಬೇಡ, ನಾಮನಿರ್ದೇಶನವೂ ಬೇಡ.

ಹಾಗಾಗಿ ಒಂದು ಪ್ರಶ್ನೆ ಸೇರಿಸಿ: ನಿಮ್ಮ ವಿಭಾಗದಿಂದ ಒಬ್ಬರು ಮೇಲಿನ ಸಭೆಗೆ ಹೋಗಬೇಕಾದರೆ ಹೇಗೆ ಆರಿಸಬೇಕು? ಜ್ಯೇಷ್ಠತೆಯ ಸರದಿ / ಗುಪ್ತ ಮತದಾನ / ಚೀಟಿ ಎತ್ತುವುದು / ಕುಲಪತಿಗಳ ನಾಮನಿರ್ದೇಶನ. ಚೀಟಿ ಅಂದರೆ ನಗಬೇಡಿ. ಜಾತಿ ಗುಂಪು, ಗೈಡ್-ಶಿಷ್ಯ ಗುಂಪು ಎರಡರಿಂದಲೂ ತಪ್ಪಿಸಿಕೊಳ್ಳಲು ಅದನ್ನೇ ಬಯಸುವವರು ಸಿಗುತ್ತಾರೆ.

ನಡಾವಳಿ ಪುಸ್ತಕ

ಹಳೇ ಸೆನೆಟ್ ಸರ್, ಒಪ್ಪಿದೆ. ಕುರ್ಚಿ ಹೇಗೆ ಸಿಕ್ಕಿತು ಅನ್ನುವಷ್ಟೇ ಮುಖ್ಯ, ಕೂತ ಮೇಲೆ ಕಾಗದ ಹೇಗೆ ಬರುತ್ತದೆ ಅನ್ನುವುದು. ಅದಕ್ಕೆ ಅಭಿಪ್ರಾಯ ಬೇಡ, ದಾಖಲೆಯೇ ಇದೆ.

ಒಂದು ಸಭೆಯ ನಡಾವಳಿ ಬಿಡಿಸಿ ನೋಡಿ. ವಿಷಯ 1: ಹಿಂದಿನ ನಡಾವಳಿ ದೃಢೀಕರಣ. ವಿಷಯ 2: ಕೈಗೊಂಡ ಕ್ರಮದ ವರದಿ. ಆಮೇಲೆ ಸಾಲುಸಾಲಾಗಿ 'ಕುಲಪತಿಗಳು ತಮ್ಮ ಅಧಿಕಾರ ಬಳಸಿ ಕೈಗೊಂಡ ಕ್ರಮಕ್ಕೆ ಘಟನೋತ್ತರ ಅನುಮೋದನೆ ಕೋರಿ'. ತುರ್ತು ಸಂದರ್ಭದಲ್ಲಿ ಕುಲಪತಿ ಕ್ರಮ ಕೈಗೊಂಡು ಮುಂದಿನ ಸಭೆಗೆ ವರದಿ ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ, ಅದು ತಪ್ಪಲ್ಲ. ತುರ್ತಲ್ಲದ್ದೂ ಅದೇ ಬಾಗಿಲಿನಿಂದ ಒಳಗೆ ಬಂದಾಗ ಸಭೆ ಬರೀ ಮೊಹರು ಒತ್ತುವ ಜಾಗವಾಗುತ್ತದೆ. ಕೊನೆಯಲ್ಲಿ 'ಅಧ್ಯಕ್ಷರ ಅನುಮತಿಯ ಮೇರೆಗೆ ಇತರೆ ವಿಷಯಗಳು'. ಹಾಳೆ ಮುಂಚೆ ಕೈಗೆ ಬಂದಿರುವುದಿಲ್ಲ, ಸಭೆಯಲ್ಲೇ ಹಂಚುತ್ತಾರೆ. ನಿಜವಾದ ಗುದ್ದು ಇರುವುದು ಅಲ್ಲೇ.

ಎಣಿಸಬೇಕಾದ್ದು ಐದು: ಒಟ್ಟು ವಿಷಯ ಎಷ್ಟು, ಘಟನೋತ್ತರ ಎಷ್ಟು, 'ಇತರೆ'ಯಲ್ಲಿ ಬಂದದ್ದೆಷ್ಟು, ಕಾರ್ಯಸೂಚಿ ಎಷ್ಟು ದಿನ ಮುಂಚೆ ಕಳಿಸಿದ್ದು, 'ಚರ್ಚಿಸಿ' ಅನ್ನುವ ಪದದ ಬದಲು 'ಪರಿಶೀಲಿಸಿ ಅನುಮೋದಿಸಲಾಯಿತು' ಅಂತ ಎಷ್ಟು ಕಡೆ ಇದೆ.

ಪಡೆಯುವುದು ಹೇಗೆ: ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಪ್ರಕಾರ ಮಂಡಳಿ, ಸಮಿತಿಗಳ ವಿವರ ಮತ್ತು ಅವುಗಳ ನಡಾವಳಿ ಸಾರ್ವಜನಿಕರಿಗೆ ಸಿಗುತ್ತದೆಯೇ ಎಂಬುದನ್ನು ಸಂಸ್ಥೆ ತಾನಾಗಿಯೇ ಪ್ರಕಟಿಸಬೇಕು. ಜಾಲತಾಣದಲ್ಲಿ ಸಿಗದಿದ್ದರೆ ಅರ್ಜಿ ಹಾಕಿ. ಶುಲ್ಕ 10 ರೂ., ಪುಟಕ್ಕೆ 2 ರೂ., ಅವಧಿ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಇಲ್ಲೇ ಬಹಳ ಅರ್ಜಿ ಬಿದ್ದುಹೋಗುವುದು. ಸಿಂಡಿಕೇಟಿಗೊಂದು, ವಿದ್ಯಾವಿಷಯಕ ಪರಿಷತ್ತಿಗೊಂದು ಪ್ರತ್ಯೇಕ ಅರ್ಜಿ ಹಾಕಿ. 'ಎಲ್ಲ ದಾಖಲೆ ಕೊಡಿ' ಅನ್ನಬೇಡಿ. 'ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ಸಭೆಗಳ ಕಾರ್ಯಸೂಚಿ ಮತ್ತು ದೃಢೀಕೃತ ನಡಾವಳಿಯ ಪ್ರತಿ' ಅಂತ ಬರೆಯಿರಿ. 'ದೃಢೀಕೃತ' ಅನ್ನುವ ಪದ ಬಿಟ್ಟರೆ ಇನ್ನೂ ದೃಢೀಕರಣವಾಗಿಲ್ಲ ಅಂತ ಒಂದು ಸಾಲಿನ ಉತ್ತರ ಬರುತ್ತದೆ.

ದಾಖಲೆಯಲ್ಲಿ ಹತ್ತಕ್ಕೆ ಆರು ವಿಷಯ ಘಟನೋತ್ತರ ಅಂತ ಬಂದು, ಫಾರಂನಲ್ಲಿ ಅಧ್ಯಾಪಕರು 'ನಮ್ಮನ್ನು ಕೇಳುತ್ತಾರೆ' ಅಂತ 3 ಹಾಕಿದ್ದರೆ ಸಮೀಕ್ಷೆಯ ನಿಜವಾದ ವಿಷಯ ಅಲ್ಲಿದೆ.

ನಾಗರಬಾವಿ ನೆರಳು

ಫಾರಂ ಹಂಚುವುದು ಹೇಗೆ ಅಂತ ಯೋಚಿಸಿದ್ದೀರಾ? ಕುಲಸಚಿವರಿಗೆ ಪತ್ರ, ಅಲ್ಲಿಂದ ಸುತ್ತೋಲೆ, ಅಲ್ಲಿಂದ ವಿಭಾಗದ ವಾಟ್ಸಾಪ್ ಗುಂಪು. 'ಎಲ್ಲರೂ ಇಂದೇ ತುಂಬತಕ್ಕದ್ದು' ಅಂತ ಬಂದರೆ ಫಾರಂ ಎಲ್ಲರೂ ತುಂಬುತ್ತಾರೆ, ನಿಜ ಯಾರೂ ಬರೆಯುವುದಿಲ್ಲ. ಅನುಮತಿ ಪತ್ರ ಬೇಕೇ ಬೇಕು, ಆದರೆ ಹಂಚುವ ಕೈ ಬೇರೆಯದಿರಲಿ.

ಮೌಲ್ಯಮಾಪನ ಕೇಂದ್ರ ಒಳ್ಳೆ ಜಾಗ, ನಾನಾ ಕಾಲೇಜಿನವರು ಒಂದೇ ಸೂರಿನಡಿ ಸಿಗುತ್ತಾರೆ. ಕಾಗದದ ಫಾರಂ, ಲಕೋಟೆ, ಬೀಗ ಹಾಕಿದ ಡಬ್ಬ. ಊಟದ ಬಿಡುವಿನಲ್ಲಿ ಕೊಡಿ. ಸಂಜೆ ಬಂಡಲ್ ಮುಗಿಸಿ ಬಸ್ಸಿಗೆ ಓಡುವವರ ಕೈಗೆ ಕೊಟ್ಟರೆ ಉದ್ದಕ್ಕೂ ಒಂದೇ ಮನೆಗೆ ಟಿಕ್ ಹಾಕಿ ಎಸೆಯುತ್ತಾರೆ.

ಆದರೆ ಒಂದು ಎಚ್ಚರ. ಅಲ್ಲಿ ಬರುವವರಲ್ಲಿ ಬಹುಪಾಲು ಸಂಯೋಜಿತ ಕಾಲೇಜಿನವರು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನವರ ವರ್ಗಾವಣೆ, ಬಡ್ತಿ ಕಾಲೇಜು ಶಿಕ್ಷಣ ಇಲಾಖೆಯ ಕೈಲಿ. ಅನುದಾನಿತರಿಗೆ ಸಂಬಳ ಸರ್ಕಾರದ್ದು, ಯಜಮಾನಿಕೆ ಟ್ರಸ್ಟಿನದು. ಅನುದಾನರಹಿತರಿಗೆ ಎರಡೂ ಟ್ರಸ್ಟಿನದೇ. ವಿವಿ ಅವರಿಗೆ ಪರೀಕ್ಷೆಯ ಮನೆ ಅಷ್ಟೇ. ಕೋಷ್ಟಕದ 12ರಲ್ಲಿ ಇವರಿಗೆ ಅನ್ವಯಿಸುವುದು ನಾಲ್ಕೋ ಐದೋ. ಕ್ಯಾಂಪಸ್ ಅಧ್ಯಾಪಕರ ಜೊತೆ ಇವರನ್ನು ಬೆರೆಸಿದರೆ 'ಗೊತ್ತಿಲ್ಲ' ಮನೆ ತುಂಬಿ ತುಳುಕುತ್ತದೆ.

ದೂರವನ್ನೂ ಲೆಕ್ಕಕ್ಕೆ ತಗೊಳ್ಳಿ. ಬೆಂಗಳೂರಿನ ಕಾಲೇಜಿನಿಂದ ಟಮಕಕ್ಕೆ ಸುಮಾರು 70 ಕಿ.ಮೀ. ಎರಡು ಗಂಟೆಯ ಸಭೆ ಅಂದರೆ ಒಂದು ದಿನದ ಪಾಠ ಹೋಯಿತು. ಸಭೆಗೆ ಬರಲಿಲ್ಲ ಅಂದರೆ ಆಸಕ್ತಿಯಿಲ್ಲ ಅಂತಲೇ ಆಗಬೇಕಿಲ್ಲ.

ಕೈ-ವರ್ಗ

ಗುರುತು ಬಯಲಾಗುವ ವಿಷಯ ಬಿಡಿಸಿ ಹೇಳುತ್ತೇನೆ, ಏಕೆಂದರೆ ಸಮೀಕ್ಷೆ ಕೆಡುವುದು ಇಲ್ಲೇ.

ಕರಡಿನಲ್ಲಿ ವಿಭಾಗ, ಹುದ್ದೆ, ಲಿಂಗ, ವಯಸ್ಸು, ಸೇವಾವಧಿ ಐದೂ ಇರುತ್ತವೆ ಅಂತ ಊಹೆ. ಮೂರೇ ಕಾಯಂ ಅಧ್ಯಾಪಕರಿರುವ ವಿಭಾಗದಲ್ಲಿ 'ಸಹ ಪ್ರಾಧ್ಯಾಪಕ, ಮಹಿಳೆ' ಅಂದರೆ ಹೆಸರೇ ಬರೆದಂತೆ. ಓದುವವರಿಗೂ ಅದು ಗೊತ್ತು, ಅದಕ್ಕೇ ಎಲ್ಲ 3. ವಿಭಾಗ ತೆಗೆದು ನಿಕಾಯ ಮಾತ್ರ ಕೇಳಿ: ಕಲೆ, ವಿಜ್ಞಾನ, ವಾಣಿಜ್ಯ, ಇತರೆ. ಸೇವಾವಧಿ ಮೂರು ಪಟ್ಟಿ ಸಾಕು. ವಯಸ್ಸು ಬೇಡವೇ ಬೇಡ. ಯಾವುದೇ ಎರಡನ್ನು ಅಡ್ಡಹಾಯಿಸಿದಾಗ ಐದಕ್ಕಿಂತ ಕಡಿಮೆ ಜನ ಬಂದರೆ ಆ ಮನೆಯನ್ನು ವರದಿಯಲ್ಲಿ ಕೊಡುವುದಿಲ್ಲ ಅಂತ ಫಾರಂ ನೆತ್ತಿಯಲ್ಲೇ ಬರೆಯಿರಿ.

ಗೂಗಲ್ ಫಾರಂ ಬಳಸುವುದಾದರೆ ಇಮೇಲ್ ಸಂಗ್ರಹ ಆಫ್ ಇರಲಿ. 'ಒಬ್ಬರಿಗೆ ಒಂದೇ ಉತ್ತರ' ಅನ್ನುವುದನ್ನೂ ಆಫ್ ಮಾಡಿ, ಅದು ಲಾಗಿನ್ ಕೇಳುತ್ತದೆ. ಇಮೇಲ್ ನಿಮಗೆ ಬರದಿದ್ದರೂ ಮೇಲ್ಗಡೆ ತಮ್ಮ ವಿಳಾಸ ಕಂಡ ಕೂಡಲೇ ಜನ ಮುಚ್ಚಿಬಿಡುತ್ತಾರೆ. ಕಡತ ಲಗತ್ತಿಸುವ ಪ್ರಶ್ನೆ ಇದ್ದರೂ ಲಾಗಿನ್ ಬೇಕಾಗುತ್ತದೆ. ಒಬ್ಬರೇ ಎರಡು ಸಲ ತುಂಬುವ ಅಪಾಯವನ್ನು ಸಮಯದ ಗುರುತು ನೋಡಿ ಅಲ್ಪಸ್ವಲ್ಪ ಊಹಿಸಬಹುದು, ಭಯದಿಂದ ಬಂದ ಸುಳ್ಳು ಉತ್ತರವನ್ನು ಹಿಡಿಯುವ ಉಪಾಯವಿಲ್ಲ.

ಎಷ್ಟು ಜನ ಬೇಕು? ಶೇ. 5 ದೋಷಕ್ಕೆ ಸಾಮಾನ್ಯ ಸೂತ್ರ: ಒಟ್ಟು ÷ (1 + ಒಟ್ಟು × 0.0025). ಒಟ್ಟು 1,000 ಇದ್ದರೆ 286. 300 ಇದ್ದರೆ 172, ಅಂದರೆ ಅರ್ಧಕ್ಕೂ ಹೆಚ್ಚು. ಕಾಯಂ ಅಧ್ಯಾಪಕರ ಸಂಖ್ಯೆ ನೂರುಗಳಲ್ಲಿ ಇರುವ ಕಡೆ ಮಾದರಿ ಆರಿಸುವ ಗೋಜು ಬಿಟ್ಟು ಎಲ್ಲರಿಗೂ ಕೊಡಿ. ಎಷ್ಟು ಜನ ಉತ್ತರಿಸಲಿಲ್ಲ ಎಂಬುದನ್ನು ನಿಕಾಯವಾರು ಕೊಡಿ. ಸೂತ್ರ ಉತ್ತರಿಸದವರ ಬಗ್ಗೆ ಏನೂ ಹೇಳುವುದಿಲ್ಲ.

ಪದಕೋಶ

ಅಮೆರಿಕದ ವಿಷಯ ಯಾರೋ ಎತ್ತಿದ್ದರು. ಅಲ್ಲಿ ಅಧ್ಯಾಪಕರಿಗೂ ತೀರ್ಮಾನದಲ್ಲಿ ಪಾಲು ಅನ್ನುವ ಮಾತಿನ ಬುಡ 1966ರ ಹೇಳಿಕೆ. ಅಧ್ಯಾಪಕರ ಸಂಘ (ಎಎಯುಪಿ), ಆಡಳಿತಗಾರರ ಮತ್ತು ಟ್ರಸ್ಟಿಗಳ ಸಂಸ್ಥೆಗಳು ಕೂಡಿ ರೂಪಿಸಿದ್ದು. ಪಠ್ಯ, ಬೋಧನಾ ವಿಧಾನ, ಸಂಶೋಧನೆ, ಅಧ್ಯಾಪಕರ ನೇಮಕಾತಿ-ಬಡ್ತಿಯಲ್ಲಿ ಮೊದಲ ಹೊಣೆ ಅಧ್ಯಾಪಕರದು ಅಂತ ಅದರ ಸಾರ. ಗಮನಿಸಿ, 'ಮೊದಲ ಹೊಣೆ', ಎಲ್ಲದರಲ್ಲೂ ಸಮಪಾಲು ಅಂತಲ್ಲ.

ಅಲ್ಲೂ ಅದು ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ. ವಿಸ್ಕಾನ್ಸಿನ್‌ನಲ್ಲಿ ಅದು ರಾಜ್ಯದ ಕಾನೂನಿನಲ್ಲೇ ಇತ್ತು, 2015ರಲ್ಲಿ ಅದನ್ನು ಸಡಿಲಿಸಿದರು. ಟೆಕ್ಸಾಸ್ 2025ರ ಕಾನೂನಿನಲ್ಲಿ ಅಧ್ಯಾಪಕರ ಸೆನೆಟ್‌ಗಳನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿತು. ಅಲ್ಲಿಯ ಹಳೇ ಪ್ರಶ್ನಾವಳಿ ಅಲ್ಲಿಗೇ ಈಗ ಹೊಂದುವುದು ಅನುಮಾನ.

ಮೂರನೇ ಬೆಂಚು

ಕುಲಪತಿ ಆಯ್ಕೆ ಪ್ರಶ್ನೆ ತೆಗೆದುಬಿಡಿ, ಎಲ್ಲರೂ 1 ಹಾಕುತ್ತಾರೆ, ಜಾಗ ದಂಡ.

ನಡಾವಳಿ ಪುಸ್ತಕ

ತೆಗೆಯಬೇಡಿ. 2000ದ ಕಾಯ್ದೆಯಲ್ಲಿ ಶೋಧನಾ ಸಮಿತಿಗೆ ನಾಲ್ವರು: ಕುಲಾಧಿಪತಿ, ಯುಜಿಸಿ, ರಾಜ್ಯ ಸರ್ಕಾರ, ಸಿಂಡಿಕೇಟ್ ತಲಾ ಒಬ್ಬರನ್ನು ಹೆಸರಿಸುತ್ತಾರೆ. 2025ರ ಜನವರಿಯ ಯುಜಿಸಿ ಕರಡಿನಲ್ಲಿ ಮೂವರು, ರಾಜ್ಯ ಸರ್ಕಾರದ ಹೆಸರಿಲ್ಲ. ಉದ್ಯಮ, ಸಾರ್ವಜನಿಕ ಆಡಳಿತದಿಂದಲೂ ಕುಲಪತಿ ಬರಬಹುದು ಅಂತ ಅದರಲ್ಲಿತ್ತು. ಅದರ ವಿರುದ್ಧ ಫೆಬ್ರವರಿ 5ರಂದು ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿದ್ದು ಇದೇ ಬೆಂಗಳೂರಿನಲ್ಲಿ. ಆ ಜಗಳ ನಡೆದದ್ದು ರಾಜ್ಯಕ್ಕೂ ಕೇಂದ್ರಕ್ಕೂ. ಅಧ್ಯಾಪಕರಿಗೆ ಎರಡೂ ಪದ್ಧತಿಯಲ್ಲಿ ಇರುವುದು ಒಂದೇ ಕಿಂಡಿ, ವಿವಿಯ ಕಡೆಯ ಆ ಒಂದು ಹೆಸರು. ಅದನ್ನು ಸೂಚಿಸುವ ಸಿಂಡಿಕೇಟಿನಲ್ಲಿ ಅಧ್ಯಾಪಕರೆಷ್ಟು ಅಂತ ಆಗಲೇ ಹೇಳಿದೆ. ಎಲ್ಲರೂ 1 ಹಾಕಲಿ, 'ಹೇಗಿರಬೇಕು' ಕಾಲಮ್ಮಿನಲ್ಲಿ ಏನು ಹಾಕುತ್ತಾರೆ ನೋಡೋಣ. 2 ಹಾಕಿದರೆ ಒಂದು ಕಥೆ, 4 ಹಾಕಿದರೆ ಇನ್ನೊಂದು.

ಕೈ-ವರ್ಗ

ವಿಶ್ಲೇಷಣೆಗೆ ಮೂರು ಮಾತು. ಒಂದು, ಕೋಷ್ಟಕದ 12ಕ್ಕೆ ಕ್ರಾನ್‌ಬ್ಯಾಕ್ ಆಲ್ಫಾ (ಹಲವು ಸಾಲಿನ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಹಾಕಬೇಡಿ. ಪಠ್ಯದಲ್ಲಿ ಮಾತು ನಡೆಯುವವರಿಗೆ ಕಟ್ಟಡದಲ್ಲೂ ನಡೆಯಬೇಕೆಂದಿಲ್ಲ, ಇವು ಒಂದೇ ಗುಣದ ಹನ್ನೆರಡು ಮುಖಗಳಲ್ಲ. ಆಲ್ಫಾ ಕಡಿಮೆ ಬಂತು ಅಂತ ಗೈಡು ಹೇಳಿ ನಾಲ್ಕು ಸಾಲು ಕಿತ್ತುಹಾಕಿಸಿದರೆ ಮುಖ್ಯವಾದವೇ ಹೋಗುತ್ತವೆ. ನಂಬಿಕೆಯ ಬಗ್ಗೆ ಐದಾರು ಹೇಳಿಕೆ ಬೇರೆ ಇಟ್ಟಿದ್ದರೆ ಅವಕ್ಕೆ ಹಾಕಿ, 0.70 ಮೇಲಿದ್ದರೆ ಸಾಕು.

ಎರಡು, 'ಇದೆ' ಮತ್ತು 'ಇರಬೇಕು' ಒಬ್ಬರದೇ ಎರಡು ಉತ್ತರ, ಮೆಟ್ಟಿಲುಗಳ ನಡುವೆ ಸಮ ಅಂತರವೂ ಇಲ್ಲ. ಉತ್ತರ ಏರಿತೋ ಇಳಿಯಿತೋ ಅಂತ ಮಾತ್ರ ಎಣಿಸುವ ಚಿಹ್ನೆ ಪರೀಕ್ಷೆ (ಸೈನ್ ಟೆಸ್ಟ್) ಸೂಕ್ತ. ಮೂರು, 12 ಪರೀಕ್ಷೆಯನ್ನು 0.05ರಲ್ಲಿ ಮಾಡಿದರೆ, ಅವು ಒಂದಕ್ಕೊಂದು ತಗುಲಿಕೊಂಡಿಲ್ಲ ಅಂತಿಟ್ಟುಕೊಂಡರೆ, ಏನೂ ಇಲ್ಲದ ಕಡೆ ಒಂದಾದರೂ 'ಗಣನೀಯ' ಅಂತ ತೋರುವ ಸಂಭವ ಶೇ. 46. ಮಿತಿಯನ್ನು 12ರಿಂದ ಭಾಗಿಸಿ 0.0042 ಇಟ್ಟುಕೊಳ್ಳಿ.

ಸುಮನಹಳ್ಳಿ ಸಿಗ್ನಲ್

ಎಲ್ಲರಿಗೂ ವಂದನೆ. 40 ಹೋಗಿ 12 ಸಾಲಿನ ಕೋಷ್ಟಕ, ಗಂಟೆಯ ಎರಡು ಪ್ರಶ್ನೆ, ಆಯ್ಕೆ ವಿಧಾನದ್ದೊಂದು, ನಂಬಿಕೆಯ ಐದು ಹೇಳಿಕೆ ಉಳಿದವು. ಕಾಯಂ ಅಧ್ಯಾಪಕರಿಗೆ ಬಿಳಿ, ಅತಿಥಿಗಳಿಗೆ ಹಳದಿ ಫಾರಂ. ಸಂಯೋಜಿತ ಕಾಲೇಜುಗಳನ್ನು ಈ ಸಲ ಬಿಟ್ಟೆ. ಮಾಹಿತಿ ಹಕ್ಕಿನ ಎರಡು ಅರ್ಜಿ ಸೋಮವಾರ ಹೋಗುತ್ತವೆ.

ಗಂಟೆ ಲೆಕ್ಕ

ಹಳದಿ ಬೇಡ ಸರ್. ಡಬ್ಬದೊಳಗೆ ಯಾರು ಹಾಕಿದ್ದು ಅಂತ ದೂರದಿಂದಲೇ ಕಾಣುತ್ತದೆ. ಎರಡೂ ಬಿಳಿ ಇರಲಿ, ಒಳಗಿನ ಪುಟದಲ್ಲಿ ಅಕ್ಷರದ ಗುರುತು ಹಾಕಿ. ಲಕೋಟೆಯೂ ಒಂದೇ ಬಗೆಯದಿರಲಿ.